ಮಾವಿನ ಬುಡಕ್ಕ ಸವರಿದ ರಾಡಿ

ಕುರಿ ಗಿಡದ ತೊಗಟಿ ತಿಂತಾವೇನು ಅಂತ ಯಾರರ ಕೇಳಿದ್ರ, ತಿಂತಾವ ಅಂತ ಈಗ ಒಂದೇ ಮಾತಿನ್ಯಾಗ ಹೇಳತೀನಿ. ಮೊದಲ ಹಂಗ ಹೇಳತಿದ್ದಿಲ್ಲ. ಕುರಿಗಾರರ ಮನ್ಯಾಗ ಹುಟ್ಟಿದಾಕಿ, ನಡಿಯಾಕ ಕಲಿತದ್ದೇ ಕುರಿ ಹಿಂದ, ನನಗ ಯಾರೇನು ಹೇಳಿಕೊಡಬೇಕು ಅನ್ನೋ ಸೊಕ್ಕಿತ್ತು. ಆ ಸೊಕ್ಕು ಇಳಿದದ್ದು ಗೋವಾದ ಕೆಪೆ ಹತ್ರದ ಒಂದು ತ್ವಾಟದಾಗ, ಒಂದೇ ಮುಂಜಾನಿಗೆ.

ನಾವು ಗಂಡ ಹೆಂಡತಿ ಘಟ್ಟ ಇಳಿದು ಗೋವಾಕ್ಕ ಬಂದು ಇಪ್ಪತ್ತು ವರ್ಷ ದಾಟೇತಿ. ಮೊದಲ ಮಂಗೋರ್ ಹಿಲ್‌ನ್ಯಾಗ ಒಂದು ಖೋಲಿ, ಆಮ್ಯಾಲ ಕೆಲಸ ಎಲ್ಲೈತೋ ಅಲ್ಲಿ. ಮನಿಯವರು ಗೌಂಡಿ, ನಾನು ಅವರ ಕೈಕೆಳಗ ಸಿಮೆಂಟು ಹೊರಾಕಿ. ಮೂರು ವರ್ಷದ ಹಿಂದ ನನ್ನ ಮೊಣಕಾಲು, ಇನ್ನ ಏಣಿ ಹತ್ತಂಗಿಲ್ಲ ಅಂತ ಹಟ ಹಿಡದ್ವು. ಅದೇ ಹೊತ್ತಿಗೆ ಮನಿಯವರು ಕೆಪೆ ಕಡೆ ಒಂದು ತ್ವಾಟಕ್ಕ ಕಂಪೌಂಡ್ ಕಟ್ಟಾಕತ್ತಿದ್ರು. ತ್ವಾಟದಾಗೇ ಇದ್ದು ನೋಡಿಕೊಳ್ಳೋ ಗಂಡ ಹೆಂಡತಿ ಬೇಕು ಅಂತ ಮಾಲಕರು ಅಂದ್ರಂತ. ಇವರು ನನ್ನ ಕೇಳೋದಕ್ಕೂ ಮೊದಲೇ ಹೂಂ ಅಂದು ಬಂದಿದ್ರು. ನಾನು ಒಂದು ದಿನ ಸಿಟ್ಟು ಮಾಡಿದೆ, ಎರಡನೇ ದಿನ ಗಂಟು ಕಟ್ಟಿದೆ.

ಮಾಲಕರು ಹೆಣ್ಣುಮಗಳು, ಹೈಸ್ಕೂಲಿನ್ಯಾಗ ಲೆಕ್ಕ ಕಲಿಸಿ ರಿಟೈರ್ ಆದವರು. ಊರವರೆಲ್ಲ ಟೀಚರ್ ಅಂತಿದ್ರು, ನಾನೂ ಟೀಚರ್ ಅಂದೆ. ಮಡಗಾಂವದಾಗ ಅವರ ಮನಿ. ವಾರಕ್ಕ ಎರಡು ಸಲ ಸ್ಕೂಟರ್ ಮ್ಯಾಲ ಬರೋರು, ತಲಿಗೆ ಟೊಪ್ಪಿಗಿ, ಕಾಲಿಗೆ ರಬ್ಬರ್ ಬೂಟು. ಮಾತು ಕಡಿಮಿ, ನಗು ಇನ್ನೂ ಕಡಿಮಿ. ನನಗ ಬರತಿದ್ದ ಕೊಂಕಣಿ ಕಟ್ಟಡದ ಮ್ಯಾಲ ಕಲಿತದ್ದು, ಕಲ್ಲು ತಾ, ಉಸುಕು ತಾ ಅನ್ನೋದಕ್ಕ ಸಾಲತಿತ್ತು. ಟೀಚರ್ ಹೇಳಿದ್ದರಾಗ ಅರ್ಧ ಕಿವಿಲೆ ತಿಳೀತಿತ್ತು, ಉಳಿದರ್ಧ ಅವರ ಮಾರಿ ನೋಡಿ ತಿಳ್ಕೊತಿದ್ದೆ. ಇಲ್ಲಿ ಅವರ ಮಾತನ್ನ ನಮ್ಮ ಮಾತಿನ್ಯಾಗೇ ಹೇಳಾಕತ್ತೇನಿ.

ತ್ವಾಟ ಒಂದು ದಿನ್ನಿ ಮ್ಯಾಲೈತಿ. ಮ್ಯಾಲ ಗೇರು, ಕೆಳಗ ಚಿಕ್ಕು ಮತ್ತ ತೆಂಗು, ನಡುವ ಮಾವು. ಆ ನಡುವಿನ ಜಾಗಾದಾಗ ಹನ್ನೆರಡು ಎಳೇ ಮಾವಿನ ಗಿಡ. ಅವು ಬರೇ ಮಾವಲ್ಲ. ಟೀಚರ್ ಅಪ್ಪ ಹಚ್ಚಿದ ಮಾನ್ಕುರಾದ್ ಅನ್ನೋ ಜಾತಿ ಮಾವಿನ ಒಂದು ದೊಡ್ಡ ಗಿಡ ಅಲ್ಲಿತ್ತಂತ. ಒಂದು ಬಿರುಗಾಳಿಗೆ ಬುಡಮೇಲಾಗಿ ಬಿತ್ತು. ಅದು ಒಣಗೋದ್ರೊಳಗ ಟೀಚರ್ ಅದರ ಕುಡಿ ಕೊಯ್ದು, ಸಣ್ಣ ಸಸಿಗೆ ತಾವೇ ಕಸಿ ಕಟ್ಟಿದ್ರು. ಉಳಿದದ್ದು ಹನ್ನೆರಡು. ಅವರು ಬಂದಾಗೆಲ್ಲ ಮೊದಲ ಅಲ್ಲಿಗೆ ಹೋಗಿ, ಒಂದೊಂದು ಗಿಡಕ್ಕೂ ಕೈ ಮುಟ್ಟಿಸಿ, ಒಂದರಿಂದ ಹನ್ನೆರಡರ ತನಕ ಎಣಿಸತಿದ್ರು. ಶಾಲಿ ಹುಡುಗರ ಹಾಜರಿ ತಗೊಂಡಂಗ. ನಾನು ಮೊದಲ ದಿನ ನಕ್ಕಿದ್ದೆ, ಅವರು ನೋಡಲಿಲ್ಲ ಪುಣ್ಯ.

ನೆಲದ ಮಾತು ಹೇಳಬೇಕು. ನಾವು ಬರೋಕ್ಕಿಂತ ಮೊದಲ ಆ ತ್ವಾಟದಾಗ ಕಸಕ್ಕ ಔಷಧ ಹೊಡೆದು ನೆಲ ಬೋಳು ಇಡತಿದ್ರಂತ. ಮಳಿ ಬಂದ್ರ ಕೆಂಪು ಮಣ್ಣೆಲ್ಲ ಹರಿದು ಕೆಳಗಿನವರ ಗದ್ದಿಗೆ ಹೋಗೋದು. ಟೀಚರ್ ಎಲ್ಲೋ ತರಬೇತಿಗೆ ಹೋಗಿ ಬಂದು, ಔಷಧ ನಿಲ್ಲಿಸಿ, ಗಿಡದ ಕೆಳಗ ಬೀಜ ಚೆಲ್ಲಿಸಿದ್ರು. ಒಂದು ಸ್ಟೈಲೋ ಅನ್ನೋ ಮೇವು, ಇನ್ನೊಂದು ಅವರಿ ಜಾತಿ ಬಳ್ಳಿ. ಮಣ್ಣಿಗೆ ಹೊದಿಕಿ ಇರಬೇಕು, ಬತ್ತಲೆ ಇರಬಾರದು ಅಂತ ಅವರ ವಾದ. ಖರೇ ಅಂದ್ರ ಅದು ಚಲೋ ಆತು. ನಾವು ಬಂದ ವರ್ಷ ಮಣ್ಣು ಕಾಲಿಗೆ ಮೆತ್ತಗ ತಾಕತಿತ್ತು, ಎಲ್ಲಿ ಕೆದರಿದ್ರೂ ಎರೆಹುಳ. ಆದ್ರ ಆ ಬಳ್ಳಿಗೆ ಸಾಕು ಅನ್ನೋದು ಗೊತ್ತಿಲ್ಲ. ಮಳ್ಯಾಗ ವಾರ ಬಿಟ್ಟು ನೋಡಿದ್ರ ಗಿಡ ಹತ್ತಿ ಕುತ್ತಿಗಿ ಹಿಸುಕಿರತಿತ್ತು. ಕಸ ಕತ್ತರಿಸೋ ಮಶೀನಿನವರು ಇವತ್ತು ಬರತೀವಿ, ನಾಳೆ ಬರತೀವಿ ಅಂತ ಮಳಿಗಾಲ ಮುಗಿಸತಿದ್ರು. ಬಂದ್ರೂ ಕತ್ತರಿಸಿ ಅಲ್ಲೇ ಒಗೆದು ಹೋಗೋರು.

ಅದನ್ನ ನೋಡಿ ನನ್ನ ಹೊಟ್ಟಿ ಉರೀತಿತ್ತು ನೋಡ್ರಿ. ನಮ್ಮಪ್ಪ ಇಂಥಾ ಒಂದು ಹಿಡಿ ಹಸರು ಮೇವಿನ ಸಲುವಾಗಿ ಕುರಿ ಹೊಡಕೊಂಡು ಊರೂರು ಅಲೆದಾವ. ನಾವು ಮಕ್ಕಳು ಹಿಂದ. ಬ್ಯಾಸಗ್ಯಾಗ ಬನ್ನಿ ಕಾಯಿ ಉದುರಿಸಿ ತಿನ್ನಿಸಿದ ದಿನ ನೆನಪೈತಿ. ಇಲ್ಲಿ ಮೇವನ್ನ ಕೊಯ್ದು ಒಗೀತಾರ ಅಂದ್ರ ಏನನ್ನಬೇಕು. ಒಂದು ದಿನ ತಡೀಲಾರದ ಟೀಚರ್‌ಗೆ ಅಂದೇಬಿಟ್ಟೆ, ಇದಕ್ಕ ಮಶೀನು ಬ್ಯಾಡ್ರಿ, ಕುರಿ ಬೇಕು ಅಂತ. ಅವರು ನನ್ನ ಮಾರಿ ನೋಡಿ, ಕುರಿ ಗಿಡಾನೂ ತಿಂತಾವ ಅಂದು ಬೂಟು ತೊಳಕೊಳ್ಳಾಕ ಹೋದ್ರು.

ನಾನು ಬಿಡಲಿಲ್ಲ. ಬಂದಾಗೊಮ್ಮೆ ಕುರಿ ಸುದ್ದಿ. ಆಡು ಬ್ಯಾರೆ, ಕುರಿ ಬ್ಯಾರೆ. ಆಡು ಮ್ಯಾಲ ನೋಡತೈತಿ, ಕುರಿ ನೆಲ ನೋಡತೈತಿ ಅಂತ ಹೇಳಿದೆ. ಹಿಕ್ಕಿ ಬಿದ್ದಲ್ಲಿ ಗೊಬ್ಬರ ಬ್ಯಾಡ ಅಂತ ಹೇಳಿದೆ. ನಮ್ಮ ಕಡೆ ಹೊಲದವರು ಗೊಬ್ಬರಕ್ಕ ರಾತ್ರಿ ಹೊಲದಾಗ ಕುರಿ ಕೂಡಿಸ್ರಿ ಅಂತ ನಮ್ಮಪ್ಪನ ಕರೆದು ಕಾಳು ಕೊಡತಿದ್ದದ್ದನ್ನ ಹೇಳಿದೆ. ನಿಜ ಹೇಳಬೇಕಂದ್ರ ಅದು ತ್ವಾಟದ ಕಾಳಜಿ ಅಷ್ಟೇ ಆಗಿರಲಿಲ್ಲ. ಇಪ್ಪತ್ತು ವರ್ಷ ಕಲ್ಲು ಮಣ್ಣು ಹೊತ್ತಾಕಿಗೆ, ಮುಂಜಾನೆದ್ದು ಕುರಿ ಎಬ್ಬಿಸಬೇಕು, ಆ ವಾಸನಿ ಮತ್ತ ಮೂಗಿಗೆ ಬಡೀಬೇಕು ಅಂತ ಆಸೆ ಹುಟ್ಟಿತ್ತು. ಅದು ಬಿಟ್ಟು ಬ್ಯಾರೆ ಏನೂ ಬ್ಯಾಡಾಗಿತ್ತು ನನಗ.

ದೀಪಾವಳಿ ಮುಂದ ಟೀಚರ್ ಒಪ್ಪಿದ್ರು. ಒಪ್ಪಿದ್ದು ಒಂದು ಕರಾರಿನ ಮ್ಯಾಲ. ಆ ಹನ್ನೆರಡರ ನಡುವ ನಿಂತು ಹೇಳಿದ್ರು.

"ಇವುಗಳಾಗ ಒಂದು ಗಿಡದ ತೊಗಟಿ ಹೋದ್ರೂ ಕುರಿ ಊರಿಗೆ ಹೋಗತಾವ. ಮತ್ತ ಮಾತಿಲ್ಲ."

ನಾನು ಹೂಂನ್ರಿ ಅಂದೆ. ನಮ್ಮಪ್ಪ ಎಂಟು ಕುರಿ ಒಂದು ಟಗರು ಟೆಂಪೊದಾಗ ಹಾಕಿ ಕಳಿಸಿದ. ಕರೇ ಉಣ್ಣಿ ಕುರಿ ಅಲ್ಲ, ಆ ಮಳ್ಯಾಗ ಉಣ್ಣಿ ಒಣಗಂಗಿಲ್ಲ ಅಂತ ಅಂವ ವಿಚಾರ ಮಾಡಿ ಎಳಗಾ ಜಾತಿ, ಅಂದ್ರ ಬರೇ ಕೂದಲಿರೋ ಕೆಂಪು ಕುರಿ, ಹುಡುಕಿ ಕೊಟ್ಟಿದ್ದ. ಕಾಲಿನ ಗೊರಸು ಹಸಿ ಹಿಡೀಬಾರದಂತ ಮನಿಯವರು ಕಲ್ಲಿನ ಕಂಬದ ಮ್ಯಾಲ ಅಡಕಿ ಸೀಳು ಬಡಿದು, ಸಂದು ಬಿಟ್ಟು ಒಂದು ಎತ್ತರದ ದಡ್ಡಿ ಕಟ್ಟಿದ್ರು. ಹಿಕ್ಕಿ ಸಂದಿನಿಂದ ಕೆಳಗ ಬೀಳತಿತ್ತು, ನಾನು ಬಳಕೊಂಡು ಗಿಡಕ್ಕ ಹಾಕತಿದ್ದೆ.

ಚಳಿಗಾಲ, ಬ್ಯಾಸಗಿ ಚಂದ ಹೋದ್ವು. ತ್ವಾಟಾನ ಹಗ್ಗಾ ಕಟ್ಟಿ ತುಂಡು ಮಾಡಿ, ಒಂದು ಕಡೆ ನಾಕು ದಿನ ಮೇಯಿಸಿ ಮುಂದಿನ ಕಡೆ ಹೊಡೀತಿದ್ದೆ. ಬಳ್ಳಿ ಗಿಡ ಹತ್ತೋದ್ರಾಗ ಕುರಿ ಅದರ ತುದಿ ಕಡದಿರತಿದ್ವು. ಬುಡ ಉಳಿಸತಿದ್ವು, ಅದು ಮತ್ತ ಚಿಗುರತಿತ್ತು. ಗೇರುಹಣ್ಣಿನ ಕಾಲದಾಗ ಒಂದು ತಮಾಷೆ ಆತು. ಎರಡು ದಿನದ ಕೊಳೆತ ಗೇರುಹಣ್ಣು ರಾಶಿ ಬಿದ್ದಿತ್ತು. ನಾನು ಅಡಿಗಿ ಮಾಡಿ ಬರೋದ್ರಾಗ ಟಗರು ಹಗ್ಗಾ ಹಾರಿ ಹೋಗಿ ಹೊಟ್ಟಿ ತುಂಬ ಹೊಡದಿತ್ತು. ನಶಾ ಏರಿ ಕಾಲು ಒಂದು ಕಡೆ, ತಲಿ ಒಂದು ಕಡೆ. ತೆಂಗಿನ ಗಿಡಕ್ಕ ಗುದ್ದಾಕ ಹೋಗಿ ಅದೂ ತಪ್ಪಿ ಕುಂತುಬಿಡ್ತು. ಮನಿಯವರು, ನಿಮ್ಮಪ್ಪನ ಟಗರು ಗೋವಾಕ್ಕ ಬಂದು ಕೆಟ್ಟಿತು ನೋಡು ಅಂತ ಕಾಡಸಿದ್ರು. ಟೀಚರ್ ಆ ದಿನ ಅಲ್ಲೇ ಇದ್ರು. ಅವರು ಬಾಯಿಗೆ ಕೈ ಇಟ್ಟು ನಕ್ಕಿದ್ದು ನಾನು ಅವತ್ತೇ ಮೊದಲ ನೋಡಿದ್ದು.

ಮಳಿ ಹತ್ರ ಬಂತು. ಪ್ರತಿ ವರ್ಷ ಮಳಿಗಿಂತ ಮೊದಲ ಎಳೇ ಗಿಡದ ಬುಡಕ್ಕ ಮೈಲುತುತ್ತ ಸುಣ್ಣ ಕಲಸಿ ಬಳಿಯೋದು ಟೀಚರ್ ಪದ್ಧತಿ. ಮೈಲುತುತ್ತ ಕುರಿ ನೆಕ್ಕಿದ್ರ ಉಳಿಯಂಗಿಲ್ಲ. ಬ್ಯಾಡ್ರಿ ಅಂದೆ. ಹಂಗಾದ್ರ ಪ್ರತಿ ಗಿಡಕ್ಕೂ ಬಿದಿರ ತಟ್ಟಿ ಸುತ್ತಿಸೋಣ, ಮಳ್ಯಾಗ ಕುರಿ ಹೆಂಗಿರತಾವೋ ಗೊತ್ತಿಲ್ಲ ಅಂದ್ರು ಅವರು. ಇಲ್ಲೇ ನೋಡ್ರಿ ನಾನು ಕೆಟ್ಟದ್ದು.

ನಮ್ಮ ಕಡೆ ಒಂದು ರೂಢಿ ಐತಿ. ಕುರಿ ಹಿಕ್ಕೀನ ನೀರಾಗ ಕಲಸಿ ರಾಡಿ ಮಾಡಿ, ಯಾವ ಗಿಡ ಉಳೀಬೇಕೋ ಅದಕ್ಕ ಸವರತಾರ. ತನ್ನ ಹೇಲಿನ ವಾಸನಿ ಬಂದಲ್ಲಿ ಕುರಿ ಬಾಯಿ ಹಾಕಂಗಿಲ್ಲ. ನಮ್ಮಪ್ಪ ಒಬ್ಬರ ಹೊಲದಾಗ ದಾಳಿಂಬ್ರಿ ಗಿಡದ ನಡುವ ಇನ್ನೂರು ಕುರಿ ನಿಲ್ಲಿಸಿ, ಒಂದು ಎಲಿ ಹೋಗಗೊಡದ ಎಬ್ಬಿಸಿಕೊಂಡು ಬಂದದ್ದು ನಾನೇ ಕಣ್ಣಿಲೆ ನೋಡೇನಿ. ಒಮ್ಮೆ ಸವರಿದ್ರ ಮೂರು ತಿಂಗಳು ಮರೀಬಹುದು. ಅದನ್ನೇ ಟೀಚರ್‌ಗೆ ಹೇಳಿದೆ. ತಟ್ಟಿ ಗಿಟ್ಟಿ ಯಾಕ ಬೇಕ್ರಿ, ಅದು ಕುರಿ ಗೊತ್ತಿಲ್ಲದವರ ಕೆಲಸ ಅಂದೆ. ಹಿಂಗೇ ಅಂದೆ, ನನ್ನ ಬಾಯಿಗೆ ಮಣ್ಣು ಹಾಕ. ಟೀಚರ್ ತಟ್ಟಿ ಮಾತು ಬಿಟ್ರು. ನಾನು ಹನ್ನೆರಡು ಗಿಡಕ್ಕೂ ಬುಡದಿಂದ ಎದಿಮಟ ರಾಡಿ ಸವರಿ, ಸೀರಿ ಸೆರಗಿಗೆ ಕೈ ಒರಸಿಕೊಂಡು ನಿಂತು ನೋಡಿದೆ. ಚಲೋ ಕಂಡ್ವು.

ಮಳಿ ಹಿಡೀತು. ಗೋವಾದ ಮಳಿ ಇಪ್ಪತ್ತು ವರ್ಷ ಉಂಡೇನಿ, ಆದ್ರ ತಗಡಿನ ಕೆಳಗ ನಿಂತು. ಮೂರು ದಿನ ಕಣ್ಣು ಬಿಡಗೊಡಲಿಲ್ಲ. ಕುರಿ ದಡ್ಡಿಯಾಗೇ ಇದ್ವು, ನಾನು ಕೊಯ್ದು ತಂದು ಹಾಕತಿದ್ದೆ. ಎಲ್ಲಾ ನೀರುಗಟ್ಟಿದ ಎಳೇ ಹುಲ್ಲು, ಒಂದು ಒಣ ಕಡ್ಡಿ ಇಲ್ಲ. ನಾಕನೇ ದಿನ ಮುಂಜಾನೆ ಬಿಸಲು ಬಿತ್ತು. ಅಬ್ಬಾ ಅಂತ ಕುರಿ ಬಿಟ್ಟೆ, ಮಾವಿನ ನಡುವೇ ಹೊಡೆದೆ, ಅಲ್ಲಿ ಬಳ್ಳಿ ಭಾಳ ಎದ್ದಿತ್ತು. ಕುರಿ ಮೇಯಾಕ ಹತ್ತಿದ್ವು ಅಂತ ನೋಡಿ, ನೆನೆದ ಹಾಸಿಗಿ ಬಿಸಲಿಗೆ ಹಾಕಾಕ ಮನಿಗೆ ಬಂದೆ. ಅರ್ಧ ತಾಸೂ ಆಗಿರಲಿಕ್ಕಿಲ್ಲ.

ತಿರುಗಿ ಹೋದ್ರ ಮೂರನೇ ಗಿಡ ಮತ್ತ ಎಂಟನೇ ಗಿಡ ಬೆಳ್ಳಗ ಕಾಣಾಕತ್ತಿದ್ವು. ನನಗ ಮೊದಲ ಅದು ಏನಂತ ತಿಳೀಲಿಲ್ಲ. ಹತ್ರ ಹೋದೆ. ತೊಗಟಿ ಸುಲಿದು ಒಳಗಿನ ಕಟ್ಟಿಗಿ ಬಯಲಿಗೆ ಬಿದ್ದಿತ್ತು. ಎಂಟನೇದಕ್ಕ ಒಂದು ಕಡೆ ಬೆರಳಷ್ಟು ತೊಗಟಿ ಉಳಿದಿತ್ತು, ಮೂರನೇದಕ್ಕ ಸುತ್ತೂ ಹೋಗಿತ್ತು. ದೊಡ್ಡ ಕುರಿ ಒಂದು ಪಟ್ಟಿ ತೊಗಟಿ ಬಾಯಾಗ ಹಿಡಕೊಂಡು, ನಾನೇನು ಮಾಡೇನಿ ಅನ್ನೋಹಂಗ ನನ್ನೇ ನೋಡಾಕತ್ತಿತ್ತು. ಗಿಡಕ್ಕ ಮೂಗು ಹಚ್ಚಿ ಮೂಸಿದೆ. ರಾಡಿ ವಾಸನಿ ಹನಿಯಷ್ಟೂ ಇಲ್ಲ. ಮೂರು ದಿನದ ಮಳಿ ತೊಳೆದು ಹಾಕಿತ್ತು. ಬಿಸಲು ನಾಡಿನ ರೂಢೀನ ನೀರು ನಾಡಿಗೆ ತಂದು ಸವರಿದ್ದೆ ನಾನು. ಅಲ್ಲೇ ಕುಂತು ಅತ್ತೆ.

ನಮ್ಮಪ್ಪಗ ಫೋನ್ ಹಚ್ಚಿದೆ. ಅಂವ ಎಲ್ಲಾ ಕೇಳಿದ. ನಮ್ಮ ಮಳಿ ನೋಡಿ ಮಾಡಿದ ಕೆಲಸ ಅದು, ನಿಮ್ಮ ಮಳಿ ಹೆಂಗಿರತೈತಿ ಅಂತ ನನಗೇನು ಗೊತ್ತು ಯವ್ವಾ ಅಂದ. ಮೂರು ದಿನ ಬರೇ ಹಸಿ ತಿಂದ ಕುರಿ ಒಣದ್ದು ಬೇಡತಾವ, ಬಿಡೋ ಮೊದಲ ಒಂದು ಹಿಡಿ ಜ್ವಾಳದ ಒಣ ಕಣಿಕಿ ಹಾಕಿದ್ರ ತೊಗಟಿಗೆ ಬಾಯಿ ಹಾಕತಿದ್ದಿಲ್ಲ ಅಂತನೂ ಅಂದ. ನನಗ ಗೊತ್ತಿದ್ದದ್ದೇ ಅದು. ಇಲ್ಲಿ ಕಣಿಕಿ ಇಲ್ಲ, ಅದಕ್ಕ ಮರೆತೆ. ಬತ್ತದ ಹುಲ್ಲಿದ್ರೂ ಸಾಲತಿತ್ತು.

ಮಧ್ಯಾಹ್ನ ಉಣ್ಣಾಕ ಬಂದ ಮನಿಯವರು ಗಿಡ ನೋಡಿದ್ರು. ನನ್ನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಮುಳ್ಳಹಂದಿ ತಿಂದಾವಂತ ಹೇಳು ಅಂದ್ರು. ಈ ಕಡೆ ಮುಳ್ಳಹಂದಿ ಭಾಳ, ತೆಂಗಿನ ಸಸಿ, ಅಡಕಿ ಬುಡ ಎಲ್ಲಾ ಕಡೀತಾವ, ಯಾರೂ ಅನುಮಾನ ಮಾಡಂಗಿಲ್ಲ. ನಾನು ಆ ಮಾತನ್ನ ಬ್ಯಾಡ ಅನ್ನಲಿಲ್ಲ. ಸಾಯಂಕಾಲದ ತನಕ ಅದನ್ನೇ ಬಾಯಾಗ ಹೊಂದಿಸಿಕೊಂಡೆ. ಕೊಂಕಣಿಯಾಗ ಹೆಂಗ ಹೇಳಬೇಕು, ಎಲ್ಲಿ ತಡೀಬೇಕು, ಎಲ್ಲಾ.

ಮರುದಿನ ಟೀಚರ್ ಬಂದ್ರು. ಒಂದು, ಎರಡು ಅಂತ ಮುಟ್ಟಿ, ಮೂರರ ಮುಂದ ನಿಂತ್ರು. ಎಣಿಕಿ ನಿಂತಿತು. ಬಗ್ಗಿ ಗಾಯದ ಮ್ಯಾಲ ಬೆರಳಾಡಿಸಿ, ತಿರುಗಿ ನನ್ನ ನೋಡಿ ತಾವೇ ಕೇಳಿದ್ರು, ಮುಳ್ಳಹಂದಿ ಏನು ಅಂತ.

ಹೂಂ ಅಂದ್ರ ಮುಗೀತಿತ್ತು. ಅವರೇ ದಾರಿ ತೆಗೆದು ಕೊಟ್ಟಿದ್ರು. ಆದ್ರ ನನ್ನ ಕೈಲಿ ಆಗಲಿಲ್ಲ ನೋಡ್ರಿ. ನನಗ ನಂಬಿಕಿ ಇದ್ದ ಒಂದೇ ವಿಷಯ ಕುರಿ. ಅದರಾಗೇ ಸುಳ್ಳು ಹೇಳಿದ ಮ್ಯಾಲ ಇವರ ಮುಂದ ಇನ್ಯಾವ ಬಾಯಿಲೆ ಕುರಿ ಮಾತಾಡಲಿ?

"ಇಲ್ರಿ ಟೀಚರ್, ನಮ್ಮ ಕುರಿ. ನಾನು ಸವರಿದ್ದು ತೊಳೆದು ಹೋಗಿತ್ತು. ನೀವು ತಟ್ಟಿ ಅಂದಿದ್ರಿ, ನಾ ಕೇಳಲಿಲ್ಲ."

ಅವರು ನಾಕು ಐದು ಅಂತ ಮುಂದ ಎಣಿಸಿಕೊಂಡು ಹೋದ್ರು. ಎಂಟರ ಹತ್ರ ಮತ್ತ ನಿಂತ್ರು. ಹನ್ನೆರಡು ಮುಗಿಸಿ ಬಂದು, ಹೇಳಿದ ಮಾತು ನೆನಪೈತಲ್ಲ ಅಂದ್ರು. ಐತ್ರಿ ಅಂದೆ. ಕಾಲು ಹಿಡಿದು ಬೇಡಿಕೊಳ್ಳೋ ಜಾತಿ ಅಲ್ಲ ನಾನು, ಅವರೂ ಹಿಡಿಸಿಕೊಳ್ಳೋ ಜಾತಿ ಅಲ್ಲ. ಒಂದೇ ಅಡಚಣಿ ಇತ್ತು. ಆ ಮಳ್ಯಾಗ ತೆರೆದ ಟೆಂಪೊದಾಗ ಘಟ್ಟ ಹತ್ತಿಸಿದ್ರ ಕುರಿ ಥಂಡಿ ಹಿಡಿದು ಸಾಯತಾವ ಅಂತ ನಮ್ಮಪ್ಪ ಅಂದಿದ್ದ. ಅದನ್ನ ಹೇಳಿದೆ. ಹಂಗಾದ್ರ ಮಳಿ ಮುಗಿಯೋ ತನಕ ದಡ್ಡಿಯಾಗ ಇರಲಿ, ತ್ವಾಟದಾಗ ಒಂದು ಗೊರಸು ಬೀಳಬಾರದು, ಮಳಿ ನಿಂತ ಮ್ಯಾಲ ಟೆಂಪೊ ತರಸು ಅಂದ್ರು. ಸ್ಕೂಟರ್ ಹತ್ತಿ ಹೋದ್ರು. ಆ ದಿನ ಚಾನೂ ಕುಡೀಲಿಲ್ಲ.

ಆ ಮಳಿಗಾಲ ನಾನು ಮರೆಯಂಗಿಲ್ಲ. ಮುಂಜಾನೆ ತಲಿ ಮ್ಯಾಲ ಕಂಬಳಿ ಗೊಂಚಿಗಿ ಹೊದ್ದು ಕುಡುಗೋಲು ಹಿಡಿದು ಹೋಗೋದು, ಗಿಡ ಹತ್ತಿದ ಬಳ್ಳಿ ಕೊಯ್ಯೋದು, ಹೊರಿ ಕಟ್ಟಿ ತಲಿ ಮ್ಯಾಲ ದಡ್ಡಿಗೆ ತರೋದು. ಅದೇ ಬುಟ್ಟಿಯಾಗ ಹಿಕ್ಕಿ ತುಂಬಿ ತಿರುಗಿ ಗಿಡಕ್ಕ ಒಯ್ಯೋದು. ಏಣಿ ಹತ್ತಲಾರದ ಮೊಣಕಾಲು ದಿನ್ನಿ ಹತ್ತಿ ಇಳಿದ್ವು. ಕೆಪೆ ಹತ್ರದ ಒಬ್ಬ ರೈತನ ಕಡೆಯಿಂದ ಬತ್ತದ ಹುಲ್ಲು ತಂದು, ದಿನಾ ಮೊದಲ ಒಂದೊಂದು ಹಿಡಿ ಒಣದ್ದು ಹಾಕಿ ಆಮ್ಯಾಲ ಹಸರು ಹಾಕಿದೆ. ಬುದ್ಧಿ ಬಂದಿತ್ತು, ಹೊತ್ತು ಮೀರಿ.

ಎರಡು ಗಾಯದ ಗಿಡಕ್ಕ ಹುತ್ತದ ಮಣ್ಣು, ಹಸುವಿನ ಸಗಣಿ ಕಲಸಿ ಮೆತ್ತಿ, ಗೋಣಿ ಸುತ್ತಿ, ಮ್ಯಾಲ ಪ್ಲಾಸ್ಟಿಕ್ ಕಟ್ಟಿದೆ. ಮಳಿ ಬಿಟ್ಟಾಗೊಮ್ಮೆ ಬಿಚ್ಚಿ ನೋಡಬೇಕು ಅನಿಸೋದು, ಮನಿಯವರು ಕೈ ಹಿಡಿಯೋರು. ಹುಣ್ಣು ಕೆರೆದ್ರ ಮಾಯತೈತೇನು ಅನ್ನೋರು. ಮೂರನೇದರ ಎಲಿ ಆಷಾಢ ಮುಗಿಯೋದ್ರಾಗ ಜೋತುಬಿದ್ವು. ಅದು ಸತ್ತದ್ದು ನನಗ ಗೊತ್ತಾತು. ಆದ್ರೂ ಗೋಣಿ ಬಿಚ್ಚಲಿಲ್ಲ.

ಆ ದಡ್ಡಿಯಾಗೇ ದೊಡ್ಡ ಕುರಿ ಮರಿ ಹಾಕಿತು. ಹೆಣ್ಣುಮರಿ, ಹಣಿ ಮ್ಯಾಲ ಬಿಳಿ ಚುಕ್ಕಿ. ಹೊರಗ ಧೋ ಅಂತ ಮಳಿ, ಒಳಗ ನಾನು ಅದನ್ನ ನನ್ನ ಹಳೇ ಸೀರಿಲೆ ಒರಸಿ ಮಡಲಾಗ ಹಾಕಿಕೊಂಡು ಕುಂತಿದ್ದೆ. ಇನ್ನೆಷ್ಟು ದಿನ ನೀ ಇಲ್ಲಿ ಅಂತ ಅದಕ್ಕ ಅಂದೆ. ಹಂಗ ಕುಂತ ಹೊತ್ತಿನ್ಯಾಗೇ ಕೈಗೊಂದು ಕೆಲಸ ಹಚ್ಚಿಕೊಂಡೆ. ತ್ವಾಟದ ಬದುವಿನ್ಯಾಗ ಬಿದಿರ ಮೆಳಿ ಇತ್ತು. ಮನಿಯವರು ಕಡಿದು ಸೀಳಿ ಕೊಟ್ರು, ನಾನು ತಟ್ಟಿ ಹೆಣೆದೆ. ಮೊದಲನೇದು ಹಾಳಾತು, ಎರಡನೇದು ಸೊಟ್ಟಗಾತು, ಆಮ್ಯಾಲ ಕೈ ಕೂಡಿತು. ಒಂದೊಂದು ಮುಗಿದಂಗ ಒಯ್ದು ಗಿಡದ ಸುತ್ತ ನಿಲ್ಲಿಸಿ ಗೂಟ ಬಡಿದು ಬಂದೆ. ಟೀಚರ್ ಬಂದಾಗ ನೋಡತಿದ್ರು, ಕೇಳತಿದ್ದಿಲ್ಲ. ಬೇಕಾದ ಮಾತಷ್ಟೇ ಇಬ್ಬರ ನಡುವ. ಒಂದು ದಿನ ಅವರು ಬುಟ್ಟಿ ತುಂಬ ಮಾವಿನ ಗೊರಟಿ ಹಾಕಿ ಎಬ್ಬಿಸಿದ ಸಸಿ ತಂದು, ಜಗಲಿ ಮ್ಯಾಲ ಕುಂತು, ಹನ್ನೆರಡರಾಗ ಚಲೋ ಇದ್ದ ಗಿಡದ ಕುಡಿ ಕೊಯ್ದು ಕಸಿ ಕಟ್ಟಿದ್ರು. ನಾನು ದಾರ ಹಿಡಿದು ಕೊಟ್ಟೆ.

ಚೌತಿ ಆತು, ಮಳಿ ಸಡಲಾತು. ನಮ್ಮಪ್ಪ ಟೆಂಪೊ ಗೊತ್ತು ಮಾಡಿದ. ಅದು ಬರೋ ದಿನ ನಾನು ಮುಂಜಾನೆ ಕುರಿಗೆ ಅರಿಸಿಣ ಹಚ್ಚಿದೆ, ಯಾಕೋ ಗೊತ್ತಿಲ್ಲ. ಗಾಡಿ ಗೇಟಿನ ಹೊರಗ ನಿಂತಿತ್ತು. ಟೀಚರ್ ಬಂದ್ರು. ಇವತ್ತು ಕಟ್ಟು ಬಿಚ್ಚು, ನೋಡೋಣ ಅಂದ್ರು. ನಾನು ಎಂಟನೇ ಗಿಡದ ಗೋಣಿ ಬಿಚ್ಚಿದೆ. ಗಾಯದ ಅಂಚಿನ್ಯಾಗ ಎರಡೂ ಕಡೆಯಿಂದ ಹೊಸ ತೊಗಟಿ ಉಬ್ಬಿ ಬಂದಿತ್ತು, ನಡುವ ಒಂದು ಬೆರಳಷ್ಟು ಮುಚ್ಚೋದು ಉಳಿದಿತ್ತು. ಮೂರನೇದರದು ಬಿಚ್ಚಿದ್ರ ಒಣ ಕಟ್ಟಿಗಿ. ನಾನು ಅದನ್ನ ಮುಟ್ಟಿಕೊಂಡೇ ನಿಂತೆ.

ಟೀಚರ್ ಅದನ್ನ ನೋಡಲಿಲ್ಲ. ಅವರು ಸುತ್ತಲಿನ ತಟ್ಟಿ ನೋಡಾಕತ್ತಿದ್ರು. ಒಂದೊಂದನ್ನೂ ಅಲುಗಾಡಿಸಿ ನೋಡಿದ್ರು. ಹನ್ನೆರಡು ತಟ್ಟಿ, ಸತ್ತ ಗಿಡಕ್ಕೂ ಒಂದು.

"ಕುರಿ ಹೋಗತಾವ ಅಂತ ಗೊತ್ತಿದ್ದೂ ಇವನ್ನ ಯಾಕ ಹೆಣೆದಿ?"

ನಾನು ವಿಚಾರ ಮಾಡಿ ಹೆಣೆದದ್ದಲ್ಲ.

"ನೀವು ಹೆಣಿ ಅಂದಿದ್ರಿ ಟೀಚರ್. ಆಗ ಹೆಣೀಲಿಲ್ಲ."

ಅವರು ಟೊಪ್ಪಿಗಿ ತೆಗೆದು ಮತ್ತ ಹಾಕಿಕೊಂಡ್ರು. ನನ್ನ ದಾಟಿ ದಡ್ಡಿ ಕಡೆ ಹೋದ್ರು. ನಾನು ಹಿಂದ ಹೋದೆ, ಕುರಿ ಗಾಡಿಗೆ ಏರಿಸಾಕ ಅಂತ ತಿಳಿದು. ಅವರು ದಡ್ಡಿಯ ಅಡ್ಡಗೋಲು ತೆಗೆದ್ರು. ಟೆಂಪೊ ಕಡೆ ತೆಗೀಲಿಲ್ಲ, ತ್ವಾಟದ ಕಡೆ ತೆಗೆದ್ರು. ನಾಕು ತಿಂಗಳು ಒಳಗಿದ್ದ ಕುರಿ ಒಂದನ್ನೊಂದು ತುಳಿದು ಬಳ್ಳಿ ಒಳಗ ನುಗ್ಗಿದ್ವು. ಹಣಿ ಚುಕ್ಕಿ ಮರಿ ನೆಲ ಅನ್ನೋದನ್ನ ಅವತ್ತೇ ಮೊದಲ ತುಳಿದದ್ದು. ಮೆತ್ತಗ ತಾಕಿ ಗಾಬರಿಯಾಗಿ ನಾಕೂ ಕಾಲು ಎತ್ತಿ ಎತ್ತಿ ಹಾರಿತು. ನನಗ ಅಳು ಬಂತು, ಮುಚ್ಚಿಕೊಳ್ಳಲಿಲ್ಲ.

ಟೆಂಪೊದಂವ ಗೇಟಿನ ಹತ್ರ ನಿಂತು ಬಾಯಿ ತೆರೆದು ನೋಡಾಕತ್ತಿದ್ದ. ಟೀಚರ್ ಅವನ ಕಡೆ ತಿರುಗಿ, ಖಾಲಿ ಹೋಗಬ್ಯಾಡ ಅಂದ್ರು. ತೆಂಗಿನಕಾಯಿ ಎರಡು ಚೀಲ, ಒಂದು ಗೊನಿ ಬಾಳಿಹಣ್ಣು ಹಾಕಿಸಿ, ಇವರ ಅಪ್ಪಗ ಕೊಡು ಅಂತ ಕಳಿಸಿದ್ರು. ನಮ್ಮಪ್ಪ ಆ ದಿನ ಸಂಜೀಕ ಫೋನ್ ಮಾಡಿ, ಕುರಿ ಬರತಾವಂತ ಹಗ್ಗಾ ಹೊಸೆದು ಕುಂತಿದ್ದೆ, ಕಾಯಿ ಬಂದ್ವಲ್ಲ ಯವ್ವಾ ಅಂತ ನಕ್ಕ.

ಈ ವರ್ಷ ಮಳಿ ಹಿಡಿಯೋ ಮುಂದ ಟೀಚರ್ ಕಸಿ ಕಟ್ಟಿದ ಸಸಿಗಳಾಗ ಚಲೋದೊಂದನ್ನ ಆರಿಸಿದ್ರು. ಮೂರನೇ ಗಿಡದ ಕುಣಿಯಾಗ ಅದನ್ನ ನೀನೇ ಹಚ್ಚು ಅಂದು ನನ್ನ ಕೈಯಾಗ ಕೊಟ್ರು. ನನಗ ಗಿಡ ಹಚ್ಚಾಕ ಬರಂಗಿಲ್ರಿ ಅಂದೆ. ಸುಳ್ಳಲ್ಲ. ನಮ್ಮ ಮನೆತನದಾಗ ಗಿಡ ಹಚ್ಚಿದವರು ಯಾರೂ ಇಲ್ಲ. ಇವತ್ತು ಈ ಹೊಲ, ನಾಳೆ ಆ ಊರು ಅಂತ ಕುರಿ ಹಿಂದ ಹೋಗೋರು ಗಿಡ ಹಚ್ಚಿ ಏನು ಮಾಡಬೇಕು? ಹಣ್ಣಾಗೋ ಹೊತ್ತಿಗೆ ಎಲ್ಲಿರತಾರೋ. ಟೀಚರ್ ಎಷ್ಟು ಆಳ, ಕಸಿ ಕಟ್ಟು ಮಣ್ಣಿನ ಮ್ಯಾಲ ಎಷ್ಟಿರಬೇಕು ಅಂತ ಹೇಳಿದ್ರು, ನಾನು ಹಚ್ಚಿದೆ. ಹಿಕ್ಕಿ ಹಾಕಿದೆ, ಸುತ್ತ ಸ್ಟೈಲೋ ಬೀಜ ಚೆಲ್ಲಿದೆ, ತಟ್ಟಿ ನಿಲ್ಲಿಸಿದೆ. ಟೀಚರ್ ಒಂದರಿಂದ ಎಣಿಸಿಕೊಂಡು ಬಂದು, ಮೂರು ಅಂತ ಅದಕ್ಕೂ ಕೈ ಮುಟ್ಟಿಸಿದ್ರು.

ಮೊನ್ನೆ ಕುರಿ ಆ ಕಡೆ ಮೇಯಾಕತ್ತಿದ್ವು. ಹಣಿ ಚುಕ್ಕಿದು ಈಗ ಚಲೋ ಬೆಳದೈತಿ, ಬರೋ ವರ್ಷ ಅದೂ ಮರಿ ಹಾಕಬಹುದು. ನಾನು ನೋಡೋದ್ರಾಗ ತಟ್ಟಿ ಸಂದಿನ್ಯಾಗ ಮೂತಿ ತುರುಕಿ ನಾಲಿಗಿ ಚಾಚಿತ್ತು, ಎಳೇ ಕೆಂಪು ಚಿಗುರಿಗೆ. ನನಗ ಎಲ್ಲಿಂದ ಬಂತೋ ಸಿಟ್ಟು. ಮೊಣಕಾಲು ಮರೆತು ಓಡಿ ಹೋಗಿ ಅದರ ಕಿವಿ ಹಿಡಿದೆ. ಒಂದು ಎಲಿ ಮುಟ್ಟಿದ್ರೂ ಊರಿಗೆ ಕಳಿಸ್ತೀನಿ ನೋಡು, ಮತ್ತ ಮಾತಿಲ್ಲ ಅಂತ ಬೈದೆ. ಬೈದದ್ದು ಕೊಂಕಣಿಯಾಗ. ಟೀಚರ್ ಆಚೆ ಕಡೆ ಚಿಕ್ಕು ಹರಿಯಾಕತ್ತಿದ್ರು, ಅಲ್ಲಿಂದ ನಗು ಕೇಳಿತು.

ಮರಿ ನನ್ನ ಮಾರಿ ನೋಡಿಕೊಂಡು ಬಳ್ಳಿ ಜಗಿಯಾಕ ಹತ್ತಿತು. ಯಾವ ಊರಿಗೆ ಅಂತ ಅದಕ್ಕೇನು ಗೊತ್ತು. ಅದು ಹುಟ್ಟಿದ್ದು ಇಲ್ಲೇ.